ಅಂಗಡಿಗೆ ಯಂತ್ರ ಫೋನು ಮಾಡಿದರೆ ಎತ್ತುವವರು ಯಾರು?

ಇನ್ನು ಮುಂದೆ ಅಂಗಡಿಯ ಫೋನು ರಿಂಗಾದರೆ ಆ ಕಡೆ ಗಿರಾಕಿಯೇ ಇದ್ದಾನೆಂಬ ಖಾತ್ರಿ ಇಲ್ಲ ಸ್ವಾಮಿ. ಯಂತ್ರ ಇರಬಹುದು. ತಮಾಷೆಯಲ್ಲ. ಅಮೆರಿಕದಲ್ಲಿ 2025ರ ಜುಲೈನಲ್ಲಿ ಗೂಗಲ್ ಕಂಪನಿ ಈ ಸೌಕರ್ಯವನ್ನು ದೇಶಕ್ಕೆಲ್ಲ ಬಿಟ್ಟಿತು. ಅಲ್ಲಿ ನಾಯಿಗೆ ಸ್ನಾನ ಮಾಡಿಸಿ ಕೂದಲು ಕತ್ತರಿಸುವ ಅಂಗಡಿಗಳಿವೆ. ದರ ಬೇಕಾದವನು ಗುಂಡಿ ಒತ್ತಿ ಕಾಫಿ ಕುಡಿಯುತ್ತಾ ಕೂರಬಹುದು. ಯಂತ್ರವೇ ಅಂಗಡಿಗಳಿಗೆ ಫೋನು ಮಾಡಿ, ವಿಚಾರಿಸಿ, ವರದಿ ಒಪ್ಪಿಸುತ್ತದೆ.

ಇನ್ನೊಂದು ದಾರಿಯೂ ಇದೆ. ಅಂಗಡಿಯ ದರ, ಬಿಡುವಿನ ವೇಳೆ ಎಲ್ಲವನ್ನೂ ಕಂಪ್ಯೂಟರಿಗೆ ತುಂಬಿ ಗಿರಾಕಿಯ ಆ್ಯಪಿಗೆ ನೇರ ಜೋಡಿಸುವುದು. ಮಾತಿಲ್ಲ, ಕತೆಯಿಲ್ಲ. ಬಸ್ಸಿನವರಿಗೆ ಇದು ಹೊಸದಲ್ಲ. ಹಿಂದೆ ಏಜೆಂಟನು ಬಸ್ ಆಫೀಸಿಗೆ ಫೋನು ಹಚ್ಚಿ "ಕಿಟಕಿ ಸೀಟು ಐತೇನ್ರೀ" ಅಂತ ಕೇಳಿ ಚೀಟಿ ಬರೆಯುತ್ತಿದ್ದ. 2006ರಲ್ಲಿ ಬೆಂಗಳೂರಿನಲ್ಲಿ ಶುರುವಾದ ರೆಡ್‌ಬಸ್‌ನಂಥವರು ಬಂದ ಮೇಲೆ ಸೀಟಿನ ನಕ್ಷೆಯೇ ಅಂಗೈಗೆ ಬಂತು. ಎಣಿಸಿಟ್ಟ ಸೀಟು, ಬರೆದಿಟ್ಟ ಟೈಮು. ಬಸ್ಸಿಗೆ ಅದೇ ಸರಿ, ನಮ್ಮ ತಕರಾರಿಲ್ಲ.

ಆದರೆ ಎಲ್ಲ ವ್ಯಾಪಾರವೂ ನಂಬರು ಹಾಕಿದ ಸೀಟಲ್ಲವಲ್ಲ! ಹಬ್ಬಕ್ಕೆ ಮುಂಚೆ ರವಿಕೆ ಆಗುತ್ತದೆಯೇ ಎಂದರೆ ಟೈಲರ್ ಏನೆನ್ನುತ್ತಾನೆ? "ಲೈನಿಂಗ್ ಐತಾ? ಅಳತೆ ಕೊಟ್ಟೀರಾ? ಕರೆಂಟು ಇದ್ರೆ ಶುಕ್ರವಾರ ನೋಡೋಣ." ಇದನ್ನು ಯಾವ ಖಾನೆಯಲ್ಲಿ ತುಂಬುವುದು? ತುಂಬಿದರೂ ಬಾಡಿಗೆ ಬೇರೆ, ಕಮಿಷನ್ ಬೇರೆ. ಜೋಡಣೆ ಮಾಡಿಕೊಳ್ಳದವನ ಅಂಗಡಿ ಆ ಆ್ಯಪಿನಲ್ಲಿ ಇಲ್ಲವೇ ಇಲ್ಲ.

2018ರ ಮೇ ತಿಂಗಳಲ್ಲಿ ಗೂಗಲ್ ಮುಖ್ಯಸ್ಥ ಸುಂದರ್ ಪಿಚೈ ಇಂಥ ಯಂತ್ರದ ಕರೆಯನ್ನು ಮೊದಲು ಕೇಳಿಸಿದಾಗ ಒಂದು ಲೆಕ್ಕ ಹೇಳಿದ್ದರು: ಅಮೆರಿಕದಲ್ಲೇ ನೂರಕ್ಕೆ 60 ಸಣ್ಣ ವ್ಯಾಪಾರಿಗಳ ಬಳಿ ಆನ್‌ಲೈನ್ ಬುಕಿಂಗ್ ಇಲ್ಲ. ಅಂದು ಯಂತ್ರ ಒಂದು ಹೋಟೆಲಿಗೆ ನಾಲ್ವರಿಗೆ ಟೇಬಲ್ ಕೇಳಿತು. ಐದು ಜನಕ್ಕಿಂತ ಕಡಿಮೆಯಾದರೆ ಬುಕಿಂಗೇ ಬೇಡ, ಸುಮ್ಮನೆ ಬನ್ನಿ ಎಂದರು ಹೋಟೆಲಿನವರು. ಬಾಯಿಬಿಟ್ಟು ಕೇಳಿದ್ದಕ್ಕೆ ಸಿಕ್ಕ ಉತ್ತರ ಅದು. ಆದ್ದರಿಂದ ಫೋನೊಂದನ್ನೇ ನಂಬಿದ ಸಣ್ಣ ಅಂಗಡಿಗೆ ಜೋಡಣೆಗಿಂತ ಯಂತ್ರದ ಕರೆಯೇ ಮೇಲು ಎಂಬುದು ನಮ್ಮ ಅಭಿಪ್ರಾಯ.

ಆದರೆ ಖರ್ಚು ಯಾರದು? ಕೇಳುವವನ ಸಮಯ ಉಳಿಯಿತು, ಹೇಳುವವನದು ಹೋಯಿತು. ಮನುಷ್ಯನಾದರೆ ಮೂರು ಅಂಗಡಿ ಕೇಳಿ ಸುಸ್ತಾಗುತ್ತಾನೆ. ಯಂತ್ರಕ್ಕೆ ಸುಸ್ತುಂಟೆ? ಕೊಳ್ಳುವ ಮನಸ್ಸೇ ಇಲ್ಲದವನೂ ಊರಿನ ಅಂಗಡಿಗಳಿಗೆಲ್ಲ ಫೋನು ಹೊಡೆಸಬಹುದು. ತಕ್ಕಡಿ ಹಿಡಿದವನು ಎದುರಿನ ಗಿರಾಕಿಯನ್ನು ಬಿಟ್ಟು ಯಂತ್ರಕ್ಕೆ ಬೇಳೆ ರೇಟು ಒಪ್ಪಿಸುತ್ತಾ ನಿಲ್ಲಬೇಕೇ?

2018ರ ಆ ಯಂತ್ರ ಹೆಣ್ಣು ದನಿಯಲ್ಲಿ ಸಲೂನಿಗೂ ಮಾತಾಡಿ, ನಡುವೆ "ಹ್ಞೂಂ" ಎಂದು ರಾಗ ಎಳೆದಿತ್ತು. ಸಭೆ ನಕ್ಕಿತು. ಸಲೂನಿನಾಕೆಗೆ ಮಾತ್ರ ಅದು ಯಂತ್ರವೆಂದು ಯಾರೂ ಹೇಳಲಿಲ್ಲ. ಟೀಕೆ ಬಂದ ಮೇಲೆ, ಯಂತ್ರವೆಂದು ಮೊದಲೇ ಹೇಳಿಸುತ್ತೇವೆ ಎಂದಿತು ಕಂಪನಿ.

ಇಲ್ಲಿ ಕಂಪನಿಯ ಮಾತು ಸಾಲದು, ಕಾನೂನೇ ಬೇಕು. ಜಾಹೀರಾತಿನ ಕರೆಗಳಿಗೆ ಟ್ರಾಯ್ 140ರಿಂದ ಶುರುವಾಗುವ ನಂಬರು ಗೊತ್ತುಮಾಡಿದೆ. ಯಂತ್ರದ ಕರೆಗೂ ಅಂಥದೇ ಬೇರೆ ನಂಬರು ಕೊಡಲಿ. ಮೊದಲ ಮಾತಿಗೇ, ಕನ್ನಡದಲ್ಲಿ, ತಾನು ಯಂತ್ರ, ಇಂಥ ಗಿರಾಕಿಯ ಪರವಾಗಿ ಬಂದಿದ್ದೇನೆ ಎನ್ನಲಿ. ಬೇಡವೆಂದ ಅಂಗಡಿಗೆ ಮತ್ತೆ ರಿಂಗ್ ಮಾಡಕೂಡದು. ಸಂಜೆ ಆರರಿಂದ ಎಂಟು, ಬಸ್ ಇಳಿದ ಜನ ಕೈಚೀಲ ಹಿಡಿದು ಅಂಗಡಿ ಮುಂದೆ ನಿಲ್ಲುವ ಹೊತ್ತು. ಆಗಂತೂ ಯಂತ್ರದ ಕರೆ ಪೂರ್ತಿ ಬಂದ್ ಆಗಿರಲಿ.