ಐದು ಡಾಲರಿನ ಒಂದಡಿ
ಉದ್ದನೆಯ ಬನ್ನನ್ನು ಸೀಳಿ ಮಾಂಸ, ಚೀಸ್, ತರಕಾರಿ ತುಂಬಿ ಕೊಡುವ ‘ಸಬ್’ ಎಂಬ ಸ್ಯಾಂಡ್‌ವಿಚ್ಚಿನ ಅತ್ಯಂತ ಹೆಸರುವಾಸಿ ರಿಯಾಯಿತಿ ಹುಟ್ಟಿದ್ದು ಸಬ್‌ವೇ ಕಂಪನಿಯ ಕೇಂದ್ರ ಕಚೇರಿಯಲ್ಲಲ್ಲ. ಮಯಾಮಿಯ ಆಸ್ಪತ್ರೆಯೊಂದರಲ್ಲಿ ಪುಟ್ಟ ಮಳಿಗೆ ನಡೆಸುತ್ತಿದ್ದ ಫ್ರಾಂಚೈಸಿದಾರ, ಅಂದರೆ ಶುಲ್ಕ ತೆತ್ತು ಕಂಪನಿಯ ಹೆಸರು ಬಳಸುವ ಸ್ವತಂತ್ರ ವ್ಯಾಪಾರಿ, ವಾರಾಂತ್ಯದ ಮಂದ ವ್ಯಾಪಾರವನ್ನು ಚುರುಕುಗೊಳಿಸಲೆಂದು ಒಂದಡಿ ಉದ್ದದ ಸ್ಯಾಂಡ್‌ವಿಚ್ಚನ್ನು 5 ಡಾಲರಿಗೆ ಮಾರಿ ಗೆದ್ದ ಮೇಲೆ, 2008ರಲ್ಲಿ ಕಂಪನಿ ಅದನ್ನೇ ದೇಶವ್ಯಾಪಿಯಾಗಿಸಿತು. ತೆರಿಗೆಯನ್ನು ಬದಿಗಿಟ್ಟರೆ ಒಂದೇ ನೋಟಿನಲ್ಲಿ ಮುಗಿಯುವ ಈ ಲೆಕ್ಕ ಗಿರಾಕಿಗೆ ಹಿಡಿಸಿದ್ದು ಸಹಜವೇ. ಆದರೆ ಕಂಪನಿಯ ರಾಯಧನ ಲಾಭದ ಮೇಲಲ್ಲ, ಒಟ್ಟು ಮಾರಾಟದ ಮೇಲೆ ಶೇ. 8ರಂತೆ ನಿಗದಿಯಾಗಿದ್ದರಿಂದ (ಜಾಹೀರಾತು ನಿಧಿಗೆ ಶೇ. 4.5 ಬೇರೆ) ಮಾರಾಟ ಹೆಚ್ಚಿದಷ್ಟೂ ಕಂಪನಿಗೆ ಆದಾಯವೇ. ಮಾಂಸ, ಕೂಲಿ, ಬಾಡಿಗೆಗಳ ಏರಿಕೆ ಮಾತ್ರ ಮಳಿಗೆದಾರನ ತಲೆಗೆ. 2018ರಲ್ಲಿ 4.99 ಡಾಲರಿನ ಕೊಡುಗೆ ಮರಳಿ ಬಂದಾಗ ಅದನ್ನು ವಿರೋಧಿಸಿದವರು ಮಳಿಗೆದಾರರೇ.