ಸ್ನೇಹ ಆಮೇಲೆ ಆಗಲಿ, ಮೊದಲು ಒಂದೇ ಮೀಟರ್ ಇಡಿ

ಚೀನಾ, ಜಪಾನ್, ದಕ್ಷಿಣ ಕೊರಿಯಾ. ಈ ಮೂರು ದೇಶಗಳ ಮಾತು ನಮ್ಮ ಹಾಸ್ಟೆಲ್‌ಗಳಲ್ಲಿ ಬರೋದು ಹೆಚ್ಚಾಗಿ ಮೂರೇ ಕಾರಣಕ್ಕೆ: ಅನಿಮೆ, ಕೆ-ಡ್ರಾಮಾ, ಕೈಯಲ್ಲಿರೋ ಫೋನು. ಆದರೆ ಈ ಮೂರೂ ಅಕ್ಕಪಕ್ಕದ ಮನೆಗಳು ಅನ್ನೋದು ನಮಗೆ ಅಷ್ಟಾಗಿ ನೆನಪಿರೋದಿಲ್ಲ. ಪ್ರಪಂಚದ ಒಟ್ಟು ಉತ್ಪಾದನೆಯಲ್ಲಿ ಹತ್ತಿರಹತ್ತಿರ ಕಾಲು ಭಾಗ ಈ ಮೂರು ಮನೆಗಳದ್ದೇ. ಹಾಗಂತ ಇವರ ಸಂಬಂಧ ಚೆನ್ನಾಗಿದೆ ಅಂದ್ಕೋಬೇಡಿ. ಎಣ್ಣೆ ಸೀಗೆಕಾಯಿ ಸಂಬಂಧ. ಯುದ್ಧಕಾಲದ ಗಾಯ ಒಂದು ಕಡೆ, ಸಮುದ್ರದ ಮಧ್ಯದ ಪುಟ್ಟ ದ್ವೀಪಗಳ ಜಗಳ ಇನ್ನೊಂದು ಕಡೆ.

ಇಂಥವರು ಒಟ್ಟಿಗೆ ಕೆಲಸ ಮಾಡೋದು ಹೇಗೆ? ಸಾಮಾನ್ಯವಾಗಿ ಸಿಗೋ ಉತ್ತರ ಒಂದೇ: ಮೊದಲು ನಾಯಕರು ಕೂತು ಮಾತಾಡಲಿ, ನಂಬಿಕೆ ಬೆಳೀಲಿ, ಆಮೇಲೆ ಸಹಕಾರ ತಾನಾಗೇ ಬರುತ್ತೆ. ಈ ಕ್ರಮವೇ ತಲೆಕೆಳಗು ಅಂತ ನಮಗನ್ನಿಸುತ್ತೆ. ಮೊದಲು ಬೇಕಾದದ್ದು ಸ್ನೇಹ ಅಲ್ಲ, ಮೂವರೂ ಒಪ್ಪೋ ಒಂದು ಅಳತೆ.

ಮೊದಲು ನಾಯಕರ ಕಥೆಯನ್ನೇ ನೋಡೋಣ. ಮೂರೂ ದೇಶಗಳ ಪ್ರತ್ಯೇಕ ಶೃಂಗಸಭೆ ಶುರುವಾಗಿದ್ದು 2008ರಲ್ಲಿ, ಜಪಾನಿನ ಫುಕುವೋಕಾದಲ್ಲಿ. ಪ್ರತಿ ವರ್ಷ ಸರದಿ ಪ್ರಕಾರ ನಡೆಸೋಣ ಅಂತ ಮಾತಾಯ್ತು. 2012ರವರೆಗೆ ನಡೀತು ಕೂಡ. ಆ ವರ್ಷ ಸೆಪ್ಟೆಂಬರ್‌ನಲ್ಲಿ ಜಪಾನ್ ಸರ್ಕಾರ ಸೆಂಕಾಕು ದ್ವೀಪಗಳಲ್ಲಿ ಮೂರನ್ನು ಖಾಸಗಿ ಮಾಲೀಕರಿಂದ ಕೊಂಡುಕೊಂಡಿತು. ಅದೇ ದ್ವೀಪಗಳನ್ನು ದಿಯಾವ್‌ಯು ಅಂತ ಕರೆದು ತನ್ನದು ಅನ್ನೋ ಚೀನಾ ಸಿಡಿದೆದ್ದಿತು. ಮುಂದಿನ ಸಭೆ ಆಗಿದ್ದು 2015ರಲ್ಲಿ. ಅದಾದ ಮೇಲೆ 2018, 2019. ಆಮೇಲೆ ಒಂದೇ ಸಲ 2024ರ ಮೇ ತಿಂಗಳಿಗೆ. ಅಂದ್ರೆ ‘ಪ್ರತಿ ವರ್ಷ’ದ ಸಭೆ ಹದಿನೇಳು ವರ್ಷಗಳಲ್ಲಿ ಒಂಬತ್ತು ಸಲ. ನಮ್ಮ ಕಾಲೇಜಿನ ಅಟೆಂಡೆನ್ಸ್ ರೂಲ್ ಇವರಿಗೆ ಹಾಕಿದ್ರೆ ಮೂವರೂ ಪರೀಕ್ಷೆಗೆ ಕೂರೋ ಹಾಗಿಲ್ಲ.

ಈಗ ಇನ್ನೊಂದು ಸಭೆಯನ್ನು ನೋಡಿ. 1999ರಿಂದ ಈ ಮೂರು ದೇಶಗಳ ಪರಿಸರ ಮಂತ್ರಿಗಳು ಹೆಚ್ಚುಕಡಿಮೆ ವರ್ಷವರ್ಷ ಸೇರ್ತಾ ಬಂದಿದ್ದಾರೆ. ದ್ವೀಪದ ಜಗಳ ಜೋರಾಗಿದ್ದ 2013ರಲ್ಲೂ ಸೇರಿದ್ರು, ಅದೂ ಜಪಾನಿನ ಕಿಟಾಕ್ಯೂಶುನಲ್ಲಿ. ಚೀನಾದ ಮಂತ್ರಿ ಬರಲಿಲ್ಲ, ಬದಲಿಗೆ ಉಪಮಂತ್ರಿ ಬಂದ್ರು. ಕೋಪ ತೋರಿಸಿದಂಗೂ ಆಯ್ತು, ಸಭೆ ತಪ್ಪಲೂ ಇಲ್ಲ. ಪ್ರಧಾನಿಗಳು ಮುಖ ತಿರುಗಿಸಿಕೊಂಡಿದ್ದಾಗ ಪರಿಸರದವರು ಯಾಕೆ ಸೇರಿದ್ರು? ಯಾಕಂದ್ರೆ ಗಾಳಿ ಯಾರ ಪಾಸ್‌ಪೋರ್ಟನ್ನೂ ಕೇಳೋದಿಲ್ಲ. ವಸಂತ ಬಂದ್ರೆ ಮಂಗೋಲಿಯಾ ಮತ್ತು ಉತ್ತರ ಚೀನಾದ ಮರುಭೂಮಿಯ ಮರಳು ಕೊರಿಯಾ ದಾಟಿ ಜಪಾನ್‌ವರೆಗೂ ಹೋಗುತ್ತೆ. ಚಳಿಗಾಲದಲ್ಲಿ ಕಲ್ಲಿದ್ದಲು, ಕಾರ್ಖಾನೆ, ವಾಹನಗಳ ಸೂಕ್ಷ್ಮ ಕಣ, ಅಂದರೆ ಪಿಎಂ 2.5, ಜನರ ಶ್ವಾಸಕೋಶಕ್ಕೆ ಇಳಿಯುತ್ತೆ.

ನಮ್ಮ ವಾದದ ತಿರುಳು ಇರೋದು ಈ ಪಿಎಂ 2.5 ಜಗಳದಲ್ಲಿ. ಸೋಲ್‌ನ ಆಕಾಶ ಮಂಕಾದಾಗಲೆಲ್ಲ ಕೊರಿಯಾದ ಜನ ಬೈಯೋದು ಚೀನಾವನ್ನು. ಚೀನಾದ ಕಡೆಯಿಂದ ಬರೋ ಉತ್ತರ: ಅದು ನಿಮ್ಮದೇ ಹೊಗೆ. ಇಬ್ಬರ ಹತ್ರಾನೂ ತಮ್ಮ ತಮ್ಮ ಅಂಕಿಅಂಶ. ಲ್ಯಾಬ್‌ನಲ್ಲಿ ಎರಡು ಬ್ಯಾಚ್‌ಗಳ ರೀಡಿಂಗ್ ಬೇರೆ ಬೇರೆ ಬಂದ್ರೆ ಏನ್ ಮಾಡ್ತೀವಿ? ಯಾರ ಧ್ವನಿ ದೊಡ್ಡದು ಅಂತ ನೋಡೋದಿಲ್ಲ, ಮೀಟರ್ ಚೆಕ್ ಮಾಡ್ತೀವಿ. ಮೂರೂ ದೇಶಗಳ ವಿಜ್ಞಾನಿಗಳು ಅದನ್ನೇ ಮಾಡಿದ್ರು. 2000ದಿಂದಲೇ ಜಂಟಿ ಸಂಶೋಧನೆ ನಡೆಸ್ತಿದ್ದ ಅವರು 2019ರ ನವೆಂಬರ್‌ನಲ್ಲಿ ಒಂದು ವರದಿ ಹೊರಗೆ ತಂದ್ರು. ಅದು 2018ರಲ್ಲೇ ಬರಬೇಕಿತ್ತು, ಚೀನಾದ ಆಕ್ಷೇಪದಿಂದ ತಡವಾಯ್ತು. ಸೋಲ್, ಡೇಜಾನ್, ಬುಸಾನ್ ನಗರಗಳ 2017ರ ಲೆಕ್ಕ ಅದರಲ್ಲಿತ್ತು. ವರ್ಷದ ಸರಾಸರಿ ಪಿಎಂ 2.5ರಲ್ಲಿ ಸುಮಾರು 51% ಕೊರಿಯಾದ್ದೇ. ಸುಮಾರು 32% ಚೀನಾದ್ದು.

ಈ ಎರಡು ಸಂಖ್ಯೆಗಳನ್ನು ಸ್ವಲ್ಪ ನಿಂತು ನೋಡಿ. ಎಲ್ಲಾ ಚೀನಾದಿಂದಲೇ ಬರುತ್ತೆ ಅಂತಿದ್ದ ಕೊರಿಯಾದವರಿಗೆ ಅರ್ಧಕ್ಕಿಂತ ಹೆಚ್ಚು ತಮ್ಮ ಮನೆಯದ್ದೇ ಅಂತ ಗೊತ್ತಾಯ್ತು. ಕೊರಿಯಾದ ಹೊಗೆ ಕೊರಿಯಾದ್ದೇ ಅಂತಿದ್ದ ಚೀನಾ, ಮೂರನೇ ಒಂದು ಪಾಲಿನ ಹತ್ತಿರ ತನ್ನದು ಅನ್ನೋ ಕಾಗದವನ್ನು ಒಪ್ಪಬೇಕಾಯ್ತು. ಮುಜುಗರ ಇಬ್ಬರಿಗೂ ಆಯ್ತು. ಒಳ್ಳೆ ಅಳತೆಯ ಗುಣವೇ ಇದು, ಅದು ಯಾರ ಪಕ್ಷಾನೂ ಪೂರ್ತಿ ವಹಿಸೋದಿಲ್ಲ. ‘ನೀನೇ ಕಾರಣ’ ಅನ್ನೋ ಜಗಳ ‘ನಿನ್ನ ಪಾಲು ಎಷ್ಟು, ನನ್ನ ಪಾಲು ಎಷ್ಟು’ ಅನ್ನೋ ಲೆಕ್ಕಕ್ಕೆ ಇಳಿದ ದಿನವೇ ಅರ್ಧ ಕೆಲಸ ಆದಂಗೆ.

ಅಳತೆ ಇಲ್ಲದೇ ಇದ್ರೆ ಏನಾಗುತ್ತೆ ಅನ್ನೋದಕ್ಕೂ ಅದೇ 2019 ಸಾಕ್ಷಿ. ಯುದ್ಧಕಾಲದಲ್ಲಿ ಬಲವಂತದ ದುಡಿಮೆಗೆ ಸಿಕ್ಕಿದ್ದ ಕೊರಿಯಾದವರಿಗೆ ಜಪಾನಿನ ಉಕ್ಕಿನ ಕಂಪನಿಯೊಂದು ಪರಿಹಾರ ಕೊಡಬೇಕು ಅಂತ ಕೊರಿಯಾದ ಸುಪ್ರೀಂ ಕೋರ್ಟ್ 2018ರ ಅಕ್ಟೋಬರ್‌ನಲ್ಲಿ ಹೇಳಿತ್ತು. 2019ರ ಜುಲೈನಲ್ಲಿ ಜಪಾನ್ ಮೂರು ವಸ್ತುಗಳ ರಫ್ತನ್ನು ಬಿಗಿ ಮಾಡಿತು: ಹೈಡ್ರೋಜನ್ ಫ್ಲೋರೈಡ್, ಫೋಟೊರೆಸಿಸ್ಟ್, ಫ್ಲೋರಿನೇಟೆಡ್ ಪಾಲಿಇಮೈಡ್. ನಮ್ಮಲ್ಲಿ ಎಲೆಕ್ಟ್ರಾನಿಕ್ಸ್ ಓದೋರಿಗೆ ಮೊದಲ ಎರಡು ಗೊತ್ತೇ ಇರುತ್ತೆ. ಒಂದು ಇಲ್ಲದೆ ಎಚಿಂಗ್ ಇಲ್ಲ, ಇನ್ನೊಂದು ಇಲ್ಲದೆ ಲಿಥೊಗ್ರಫಿ ಇಲ್ಲ. ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್‌ನ ಮೆಮೊರಿ ಚಿಪ್ ನಮ್ಮ ಫೋನು ಲ್ಯಾಪ್‌ಟಾಪ್‌ಗಳಲ್ಲಿ ಕೂತಿರೋದ್ರಿಂದ ಈ ಜಗಳ ನಮಗೂ ಅಷ್ಟೇನೂ ದೂರದ್ದಲ್ಲ.

ಇದು ಭದ್ರತೆಯ ಪ್ರಶ್ನೆ, ಕೊರಿಯಾದ ರಫ್ತು ನಿಯಂತ್ರಣ ಸಡಿಲವಾಗಿದೆ ಅಂತ ಜಪಾನ್ ಹೇಳಿತು. ಇದು ಕೋರ್ಟ್ ತೀರ್ಪಿನ ಸೇಡು ಅಂತ ಕೊರಿಯಾ ಹೇಳಿತು. ಬೇಕಾದ್ರೆ ಅಂತರರಾಷ್ಟ್ರೀಯ ತಪಾಸಣೆ ಆಗ್ಲಿ ಅಂತಲೂ ಕೊರಿಯಾ ಸವಾಲು ಹಾಕಿತು. ಅದು ಆಗಲಿಲ್ಲ. ಯಾರು ಸರಿ ಅಂತ ಪರಿಶೀಲಿಸೋದಕ್ಕೆ ಇಬ್ಬರೂ ಒಪ್ಪೋ ಒಂದು ಸಮಿತಿಯಾಗಲಿ, ಒಂದು ಲೆಕ್ಕಪುಸ್ತಕವಾಗಲಿ ಇರಲಿಲ್ಲ. ಹಾಗಾಗಿ ಆ ಬಿಗಿ ಪೂರ್ತಿ ತೆಗೆಯೋದು 2023ರ ಮಾರ್ಚ್‌ವರೆಗೆ ಕಾಯಿತು, ಅದೂ ಎರಡೂ ಕಡೆಯ ನಾಯಕರು ಕೈಕುಲುಕಿದ ಮೇಲೆ. ನಾಯಕರ ಮನಸ್ಸಿನ ಮೇಲೆ ನಿಂತ ಸಹಕಾರದ ಗತಿ ಇಷ್ಟೇ, ಸ್ವಿಚ್ ಯಾವಾಗಲೂ ಅವರ ಕೈಯಲ್ಲೇ.

ದುಡ್ಡಿನ ವಿಷಯದಲ್ಲೂ ಇದೇ ಪಾಠ. 1997ರಲ್ಲಿ ಥಾಯ್ ಕರೆನ್ಸಿ ಬಾತ್ ಕುಸಿದು ಏಷ್ಯಾ ತುಂಬಾ ಆರ್ಥಿಕ ಬಿಕ್ಕಟ್ಟು ಹಬ್ಬಿತು. ಕೊರಿಯಾ ಕೂಡ ಐಎಂಎಫ್ ಬಾಗಿಲು ತಟ್ಟಬೇಕಾಯ್ತು. ಇನ್ನು ಮುಂದೆ ನಾವು ನಾವೇ ಒಬ್ಬರಿಗೊಬ್ಬರು ಆಗೋಣ ಅಂತ ಆಸಿಯಾನ್ ದೇಶಗಳು ಮತ್ತು ಈ ಮೂವರು 2000ದಲ್ಲಿ ಚಿಯಾಂಗ್ ಮಾಯ್‌ನಲ್ಲಿ ಒಪ್ಪಂದ ಮಾಡ್ಕೊಂಡ್ರು. ಅದು ಬೆಳೆದು 2014ಕ್ಕೆ 240 ಬಿಲಿಯನ್ ಡಾಲರ್‌ಗಳ ನಿಧಿ ಆಯ್ತು. ಕೇಳೋಕೆ ಭಾರಿ ಮೊತ್ತ. ಆದರೆ ಇದರಿಂದ ಇವತ್ತಿನವರೆಗೆ ಯಾರೂ ಒಂದು ಡಾಲರ್ ತೆಗೆದಿಲ್ಲ. 2008ರಲ್ಲಿ ಕೊರಿಯಾಕ್ಕೆ ಡಾಲರ್ ಅಭಾವ ಆದಾಗ ಅದು ಹೋಗಿದ್ದು ಅಮೆರಿಕದ ಫೆಡರಲ್ ರಿಸರ್ವ್ ಹತ್ರ, 30 ಬಿಲಿಯನ್ ಡಾಲರ್ ವ್ಯವಸ್ಥೆಗೆ. ಪಕ್ಕದ ಮನೆಯವರಿಗೆ ಸಾಲ ಕೊಡಬೇಕಾದ್ರೆ ಅವರ ಮನೆ ಲೆಕ್ಕ ನೋಡಬೇಕು. ನೋಡಿದ್ದನ್ನು ಮುಖಕ್ಕೆ ಹೇಳಬೇಕು. ಅದಕ್ಕೆ ಯಾರೂ ತಯಾರಿರಲಿಲ್ಲ, ಹಾಗಾಗಿ ನಿಧಿಯ ದೊಡ್ಡ ಭಾಗವನ್ನು ಐಎಂಎಫ್ ಷರತ್ತಿಗೇ ಕಟ್ಟಿಹಾಕಿದ್ರು. ಲೆಕ್ಕ ನೋಡೋದಕ್ಕೆ ಅಂತಲೇ ಆಮ್ರೋ ಅನ್ನೋ ಕಚೇರಿ ಸಿಂಗಾಪುರದಲ್ಲಿ ಶುರುವಾಗಿದ್ದು 2011ರಲ್ಲಿ. ತಿಜೋರಿ ಮೊದಲು ಬಂತು, ತಕ್ಕಡಿ ಆಮೇಲೆ ಬಂತು.

ಇಷ್ಟು ಹೇಳಿದ ಮೇಲೆ ಎರಡು ಆಕ್ಷೇಪಗಳಿಗೆ ಉತ್ತರ ಕೊಡಲೇಬೇಕು.

ಮೊದಲನೆಯದು: ಬರೀ ಅಳೆದ್ರೆ ಹೊಗೆ ಕಡಿಮೆ ಆಗುತ್ತಾ? ಆಗೋದಿಲ್ಲ, ನಿಜ. 2019ರ ವರದಿ ಯಾರ ಮೇಲೂ ಯಾವ ಕಡ್ಡಾಯ ನಿಯಮಾನೂ ಹಾಕಲಿಲ್ಲ. ವರ್ಷದ ಸರಾಸರಿಯಲ್ಲಿ ಕೆಟ್ಟ ದಿನಗಳ ಚಿತ್ರ ಮರೆಯಾಗುತ್ತೆ ಅನ್ನೋ ದೂರೂ ಕೊರಿಯಾದಲ್ಲಿದೆ, ಅದರಲ್ಲಿ ಅರ್ಥ ಇದೆ. ಆದರೆ ಯೂರೋಪಿನ ಅನುಭವ ನೋಡಿ. ಆಮ್ಲ ಮಳೆಯಿಂದ ಅಲ್ಲಿನ ಕಾಡು, ಕೆರೆಗಳು ಸಾಯ್ತಿದ್ದಾಗ ಶೀತಲ ಸಮರ ನಡೀತಿತ್ತು. ಒಬ್ಬರ ಮೇಲೊಬ್ಬರು ಕ್ಷಿಪಣಿ ಗುರಿಯಿಟ್ಟುಕೊಂಡಿದ್ದ ಎರಡೂ ಬಣಗಳು 1977ರಲ್ಲಿ ಒಂದೇ ಮಾಪನ ಜಾಲ ಶುರುಮಾಡಿದವು, 1979ರಲ್ಲಿ ಜಿನೀವಾದಲ್ಲಿ ಒಪ್ಪಂದಕ್ಕೆ ಸಹಿ ಹಾಕಿದವು. ಗಂಧಕದ ಹೊಗೆಯನ್ನು 30% ಇಳಿಸೋ ಹೆಲ್ಸಿಂಕಿ ಒಪ್ಪಂದ ಬಂದಿದ್ದು 1985ರಲ್ಲಿ. ಮೊದಲು ಮೀಟರ್, ಆಮೇಲೆ ಮಾತು, ಕೊನೆಗೆ ಕಡಿತ. ಸೋವಿಯತ್ ಮತ್ತು ಪಶ್ಚಿಮದವರಿಗೆ ಆಗಿದ್ದು ಬೀಜಿಂಗ್, ಸೋಲ್, ಟೋಕಿಯೊಗೆ ಯಾಕಾಗಬಾರದು?

ಎರಡನೆಯದು ಇನ್ನೂ ಕಷ್ಟದ್ದು: ಇತಿಹಾಸವನ್ನು ಯಾವ ಮೀಟರ್‌ನಲ್ಲಿ ಅಳೀತೀರಿ? ಬಲವಂತದ ದುಡಿಮೆಗೆ, ಸೈನಿಕರ ಲೈಂಗಿಕ ಗುಲಾಮಗಿರಿಗೆ ಸಿಕ್ಕಿ ನರಳಿದವರ ನೋವು ಡೇಟಾ ಅಲ್ಲ. ಒಪ್ಪುತ್ತೇವೆ. ‘ಹಳೇದನ್ನು ಮರೆತು ಮುಂದೆ ಹೋಗಿ’ ಅಂತ ಹೇಳೋ ಹಕ್ಕು ಹತ್ತೊಂಬತ್ತು ಇಪ್ಪತ್ತು ವಯಸ್ಸಿನ ನಮಗಂತೂ ಇಲ್ಲ. ಆದರೆ ಅಲ್ಲಿಯೂ ಸ್ವಲ್ಪವಾದರೂ ಕೆಲಸ ಆಗಿರೋದು ದಾಖಲೆಗಳನ್ನು ಒಟ್ಟಿಗೆ ಕೂತು ಓದಿದಾಗಲೇ. 2005ರಲ್ಲಿ ಮೂರೂ ದೇಶಗಳ ಇತಿಹಾಸಕಾರರು ಮತ್ತು ಶಿಕ್ಷಕರು ಸೇರಿ ಒಂದೇ ಇತಿಹಾಸದ ಪುಸ್ತಕವನ್ನು ಮೂರೂ ಭಾಷೆಗಳಲ್ಲಿ ತಂದ್ರು. ಸರ್ಕಾರಗಳು ಅದನ್ನು ಪಠ್ಯ ಮಾಡಲಿಲ್ಲ. ಆದರೂ ಅಂಥದ್ದೊಂದು ಪುಸ್ತಕ ಬರೆಯೋಕೆ ಸಾಧ್ಯ ಅನ್ನೋದು ಗೊತ್ತಾಯ್ತು. ಕ್ಷಮೆ ಕೇಳೋದು, ಬಿಡೋದು ಆಮೇಲಿನ ಮಾತು. ಏನು ನಡೀತು ಅನ್ನೋದೇ ಎರಡು ಕಡೆ ಎರಡು ಥರ ಇದ್ದರೆ ಕ್ಷಮೆ ಯಾವುದಕ್ಕೆ?

ಹಾಗಾದರೆ ನಾವು ಕೇಳೋದು ಏನು? ದೊಡ್ಡದೇನಲ್ಲ. ಗಾಳಿಯ ಜಂಟಿ ವರದಿ ಪ್ರತಿ ವರ್ಷ ಬರಲಿ, ಯಾವ ಒಂದು ದೇಶವೂ ಅದನ್ನು ತಡೆಯೋ ಹಾಗಿರಬಾರದು. ಸರಾಸರಿ ಮಾತ್ರ ಅಲ್ಲ, ದಿನದ ಲೆಕ್ಕವೂ ಎಲ್ಲರಿಗೂ ಸಿಗಲಿ. ಚಿಪ್ ತಯಾರಿಗೆ ಬೇಕಾದ ವಸ್ತುಗಳ ರಫ್ತಿನ ಬಗ್ಗೆ ಅನುಮಾನ ಬಂದಾಗ, ಬಿಗಿ ಮಾಡೋಕೆ ಮೊದಲು ಜಂಟಿ ಪರಿಶೀಲನೆ ಆಗಲಿ. ಇಂಥ ಕೆಲಸಕ್ಕೆ ಹೊಸ ಕಟ್ಟಡವೂ ಬೇಕಿಲ್ಲ. 2011ರಿಂದ ಸೋಲ್‌ನಲ್ಲಿ ಮೂರೂ ದೇಶಗಳು ಸಮಪಾಲು ಖರ್ಚು ಹಾಕಿ ನಡೆಸ್ತಿರೋ ತ್ರಿಪಕ್ಷೀಯ ಸಹಕಾರ ಕಾರ್ಯಾಲಯ ಇದೆ. ಸದ್ಯ ಅದು ಸಭೆಗಳಿಗೆ ಕುರ್ಚಿ ಹಾಕೋ ಮನೆ ಥರ ಇದೆ ಅಂತ ನಮ್ಮ ಅನಿಸಿಕೆ, ಲೆಕ್ಕ ಇಡೋ ಮನೆ ಆಗಲಿ.

ಇದನ್ನೆಲ್ಲ ಇಲ್ಲಿ ಕೂತು ಯಾಕೆ ಬರೀತಿದ್ದೀವಿ ಅಂತ ಕೇಳಬಹುದು. ನಮ್ಮ ಸಾರ್ಕ್ ಶೃಂಗಸಭೆ 2014ರ ಕಠ್ಮಂಡು ಸಭೆಯ ನಂತರ ನಡೆದೇ ಇಲ್ಲ. ಚಳಿಗಾಲದಲ್ಲಿ ದೆಹಲಿ, ಲಾಹೋರ್ ಎರಡೂ ಒಂದೇ ಹೊಗೆಯಲ್ಲಿ ಕೆಮ್ಮುತ್ತವೆ, ಒಂದರ ಮೇಲೊಂದು ಬೆರಳು ತೋರಿಸುತ್ತವೆ. ಅದಕ್ಕೇ ಪೂರ್ವ ಏಷ್ಯಾದವರ ಆ 51, 32 ಅನ್ನೋ ಎರಡು ಸಂಖ್ಯೆಗಳನ್ನು ಕಂಡು ನಮಗೆ ಸ್ವಲ್ಪ ಹೊಟ್ಟೆಕಿಚ್ಚು. ಅವರ ಹತ್ರ ಜಗಳ ಆಡೋಕಾದರೂ ಒಪ್ಪಿಕೊಂಡ ಸಂಖ್ಯೆ ಇದೆ.

ಮುಂದಿನ ತ್ರಿಪಕ್ಷೀಯ ಶೃಂಗಸಭೆ ಯಾವಾಗಲಾದರೂ ಆಗಲಿ, ಪೇಪರ್‌ನಲ್ಲಿ ಮೂವರು ನಾಯಕರು ಕೈ ಕೈ ಹಿಡಿದ ಫೋಟೊ ಬಂದೇ ಬರುತ್ತೆ. ಆ ಫೋಟೊ ನೋಡಿ ಖುಷಿಪಡೋಕೆ ಮುಂಚೆ ಕೆಳಗಿನ ಸುದ್ದಿ ಓದಿ. ಈ ವರ್ಷ ಯಾವುದನ್ನು ಒಟ್ಟಿಗೆ ಅಳೆಯೋಕೆ ಒಪ್ಪಿದ್ರು ಅಂತ ಹುಡುಕಿ. ಏನೂ ಸಿಗಲಿಲ್ಲ ಅಂದ್ರೆ ಅದು ಬರೀ ಫೋಟೊ.