ಬಾಲೂ ಫೋಟೋ ಹಾಕೋಣ, 1937 ಮುಚ್ಚಿಡೋದು ಬೇಡ



ಏಪ್ರಿಲ್ ಹತ್ರ ಬಂತಂದ್ರ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆ ನಮ್ಮ ಹುಡುಗರಿಗೆ ಎರಡು ಕೆಲಸ. ಒಂದು ಜಯಂತಿ ಮೆರವಣಿಗೆ, ಇನ್ನೊಂದು ಜಯಂತಿ ಕಪ್. ಈ ಸಲ ಕಪ್ಪಿನ ಬ್ಯಾನರ್ ಮೇಲೆ ಪಾಲ್ವಂಕರ್ ಬಾಲೂ ಅವರ ಫೋಟೋ ಹಾಕಬೇಕೋ ಬ್ಯಾಡೋ ಅನ್ನೋದಕ್ಕೆ ನಮ್ಮವರಲ್ಲೇ ಎರಡು ಗುಂಪು ಆಗಿವೆ. "ದೇಶದ ಮೊದಲ ದೊಡ್ಡ ಬೌಲರ್ ನಮ್ಮವ, ಅದೂ ಧಾರವಾಡದಾಗ ಹುಟ್ಟಿದವ" ಅಂತ ಒಂದು ಗುಂಪು. "ಬಾಬಾಸಾಹೇಬರ ವಿರುದ್ಧ ಎಲೆಕ್ಷನ್ನಿಗೆ ನಿಂತವನ ಫೋಟೋ ಬಾಬಾಸಾಹೇಬರ ಜಯಂತಿಗೇ ಹಾಕೂದೇನು?" ಅಂತ ಇನ್ನೊಂದು ಗುಂಪು.

ಎರಡೂ ಕಡೆಯವರು ನನ್ನ ಕೇಳಿದ್ದಾರೆ. ಒಬ್ಬೊಬ್ಬರಿಗೆ ಫೋನಿನಾಗ ಹೇಳಿದ್ರ ಅರ್ಧ ಮಾತು ಅಲ್ಲೇ ಉಳೀತಾವ, ಅದಕ್ಕೆ ಇಲ್ಲಿ ಬರೀತಿದ್ದೀನಿ. ನನ್ನ ಮಾತು ಮೊದಲೇ ಹೇಳಿಬಿಡ್ತೀನಿ. ಫೋಟೋ ಹಾಕಬೇಕು. ಅದರ ಕೆಳಗೆ 1937ರ ಸಂಗತಿಯನ್ನೂ ಬರೀಬೇಕು. ಯಾಕೆ ಅನ್ನೋದು ಸ್ವಲ್ಪ ಉದ್ದ ಐತಿ, ಪೂರ್ತಿ ಓದಿ ಆಮೇಲೆ ಬೈರಿ.

ಆಟಗಾರರ ಬಗ್ಗೆ ಇಂಥ ಜಗಳ ನಮ್ಮಲ್ಲಷ್ಟೇ ಇಲ್ಲ. ಫುಟ್‌ಬಾಲ್ ನೋಡೋ ಹುಡುಗರಿಗೆ ಸಂದೇಶ್ ಜಿಂಗನ್ ಗೊತ್ತು. ಡಿಫೆಂಡರ್. 2014ರಿಂದ 2020ರ ತನಕ ಕೇರಳ ಬ್ಲಾಸ್ಟರ್ಸ್ ತಂಡದಲ್ಲಿದ್ದ. ಬಿಟ್ಟು ಹೋಗುವಾಗ ಅವನ 21ನೇ ನಂಬರಿನ ಜೆರ್ಸಿ ಇನ್ನು ಯಾರಿಗೂ ಕೊಡಲ್ಲ ಅಂತ ಕ್ಲಬ್ ಘೋಷಣೆ ಮಾಡಿತ್ತು. 2022ರ ಫೆಬ್ರವರಿಯಲ್ಲಿ ಮೋಹನ್ ಬಗಾನ್ ಪರ ಆಡಿ ಅದೇ ಬ್ಲಾಸ್ಟರ್ಸ್ ಜೊತೆ ಡ್ರಾ ಮಾಡಿಕೊಂಡು ಹೊರಗೆ ಬರುವಾಗ, ಹೆಂಗಸರ ಜೊತೆ ಆಡಿ ಬಂದೆ ಅನ್ನೋ ಅರ್ಥದ ಮಾತು ಆಡಿದ. ಅದು ವಿಡಿಯೋದಲ್ಲಿ ಸಿಕ್ತು. ಆಮೇಲೆ ಕ್ಷಮೆ ಕೇಳಿದ. ಆದರೆ ಕೇರಳದ ಅಭಿಮಾನಿಗಳು ಒಡೆದುಹೋದ್ರು. ಆ ಜೆರ್ಸಿ ಗೌರವ ವಾಪಸ್ ತಗೊಳ್ಳಿ ಅಂತ ಕೆಲವರು, ಆರು ವರ್ಷ ನಮಗಾಗಿ ಕಾಲು ಮುರ್ಕೊಂಡು ಆಡಿದ್ದು ಸುಳ್ಳಾ ಅಂತ ಇನ್ನು ಕೆಲವರು. ಅದೇ ವರ್ಷ ಅವನು ಬೆಂಗಳೂರು ಎಫ್‌ಸಿಗೆ ಬಂದ. ಕೇರಳದಲ್ಲಿ ಬೈಸಿಕೊಂಡವನಿಗೆ ಇಲ್ಲಿ ಚಪ್ಪಾಳೆ.

ಈ ಜಗಳದಲ್ಲಿ ನನಗೆ ಕಂಡದ್ದು ಒಂದು. "ಅವ ನಮ್ಮವನೋ ಅವರವನೋ" ಅನ್ನೋದನ್ನೇ ಎಲ್ಲರೂ ಕೇಳಿದ್ರು. ಆ ಮಾತಿನಿಂದ ಯಾರಿಗೆ ಅವಮಾನ ಆಯ್ತು, ಹೆಂಗಸರು ಅಂದ್ರೆ ಯಾಕೆ ಬೈಗುಳ ಆಗಬೇಕು ಅಂತ ಕೇಳಿದವರು ಕಡಿಮೆ. ಬಾಲೂ ವಿಷಯದಲ್ಲಿ ನಾವೂ ಅದನ್ನೇ ಮಾಡ್ತಿದ್ದೀವಿ. ನಮ್ಮವನೋ ಅವರವನೋ ಅನ್ನೋದರಲ್ಲೇ ಸಿಕ್ಕಿಕೊಂಡಿದ್ದೀವಿ.

ಬಾಲೂ ಯಾರು ಅಂತ ಹೊಸ ಹುಡುಗರಿಗೆ ಸ್ವಲ್ಪ ಹೇಳ್ತೀನಿ. 1876ರಲ್ಲಿ ಧಾರವಾಡದಲ್ಲಿ ಹುಟ್ಟಿದವರು. ಚಮ್ಮಾರ ಜಾತಿ, ನಮ್ಮ ಕಡೆ ಸಮಗಾರ ಅಂತೀವಿ. ತಂದೆ ಸೈನ್ಯದ ಕೆಲಸದವರು, ಆಮೇಲೆ ಮನೆತನ ಪುಣೆಗೆ ಹೋಯ್ತು. ಅಲ್ಲಿ ಪಾರ್ಸಿಗಳ ಕ್ಲಬ್ಬಿನಲ್ಲಿ ಪಿಚ್ ಗುಡಿಸಿ ಉರುಳಿಸೋ ಕೆಲಸ, ತಿಂಗಳಿಗೆ 3 ರೂಪಾಯಿ. ಮುಂದೆ ಇಂಗ್ಲಿಷರ ಪೂನಾ ಕ್ಲಬ್ಬಿನಲ್ಲಿ 4 ರೂಪಾಯಿ. ಗ್ರೇಗ್ ಅನ್ನೋ ಇಂಗ್ಲಿಷ್ ಬ್ಯಾಟ್ಸ್‌ಮನ್‌ಗೆ ನೆಟ್‌ನಲ್ಲಿ ಬಾಲ್ ಹಾಕಿ ಹಾಕಿ ಎಡಗೈ ಸ್ಪಿನ್ ಹದಕ್ಕೆ ಬಂತು. ಬಾಲ್ ಹಾಕೋಕೆ ಕರೀತಿದ್ರು, ಬ್ಯಾಟ್ ಕೈಗೆ ಕೊಡ್ತಿರಲಿಲ್ಲ.

ಪುಣೆಯ ಹಿಂದೂ ಕ್ಲಬ್ಬಿನವರಿಗೆ ಇಂಗ್ಲಿಷರನ್ನ ಸೋಲಿಸೋ ಆಸೆ. ಅದಕ್ಕೆ ಬಾಲೂ ಬೇಕು. ಮೈದಾನದಲ್ಲಿ ಬಾಲೂ ಮುಟ್ಟಿದ ಚೆಂಡನ್ನ ಎಲ್ಲರೂ ಮುಟ್ತಿದ್ರು. ಚಹಾ ಹೊತ್ತಿಗೆ ಅವರಿಗೆಲ್ಲ ಒಳಗೆ ಪಿಂಗಾಣಿ ಕಪ್ಪು, ಬಾಲೂಗೆ ಪೆವಿಲಿಯನ್ ಹೊರಗೆ ಮಣ್ಣಿನ ಕುಡಿಕೆ. ಊಟಕ್ಕೆ ಬೇರೆ ತಟ್ಟೆ, ಬೇರೆ ಜಾಗ. ಹೋಟೆಲಿನ ಹೊರಗ ನಮಗಂತ ಬೇರೆ ಇಟ್ಟ ಕಪ್ಪು-ಬಸಿ ನೋಡಿದ ನಮ್ಮ ಹಿರಿಯರಿಗೆ ಇದನ್ನ ಬಿಡಿಸಿ ಹೇಳೋದು ಬೇಕಿಲ್ಲ.

1906ರಲ್ಲಿ ಮುಂಬೈಯಲ್ಲಿ ಹಿಂದೂ ತಂಡ ಯುರೋಪಿಯನ್ನರನ್ನ 109 ರನ್‌ಗಳಿಂದ ಸೋಲಿಸಿತು. ಆ ತಂಡದಲ್ಲಿ ಬಾಲೂ ಮತ್ತು ತಮ್ಮ ಶಿವರಾಂ ಇಬ್ಬರೂ ಇದ್ರು. 1911ರಲ್ಲಿ ಪಟಿಯಾಲ ಮಹಾರಾಜನ ನಾಯಕತ್ವದಲ್ಲಿ ತಂಡ ಇಂಗ್ಲೆಂಡಿಗೆ ಹೋಯ್ತು. ತಂಡ ಸೋತು ಸುಣ್ಣ ಆಯ್ತು, ಬಾಲೂ ಮಾತ್ರ 114 ವಿಕೆಟ್ ತಗೊಂಡು ಬಂದ್ರು. ಮುಂಬೈಯಲ್ಲಿ ನಮ್ಮ ಜನ ಅವರಿಗೆ ಸನ್ಮಾನ ಮಾಡಿದ್ರು. ಅದರ ಮಾನಪತ್ರ ಬರೆದವರು ಆಗಿನ್ನೂ ಯುವಕರಾಗಿದ್ದ ಬಾಬಾಸಾಹೇಬರು ಅಂತ ಇತಿಹಾಸಕಾರ ರಾಮಚಂದ್ರ ಗುಹಾ ದಾಖಲಿಸಿದ್ದಾರೆ. ಮೇಲೆ ಬರೋದು ಅಂದ್ರೆ ಏನು ಅಂತ ನಮ್ಮ ಜನಕ್ಕೆ ಆಗ ಕಣ್ಣಿಗೆ ಕಾಣೋ ಉದಾಹರಣೆ ಬಾಲೂ.

ಇಷ್ಟೆಲ್ಲ ಆದ್ರೂ ಬಾಲೂಗೆ ಹಿಂದೂ ತಂಡದ ನಾಯಕತ್ವ ಸಿಗಲಿಲ್ಲ. 1920ರಲ್ಲಿ ಅವರನ್ನ ಕೈಬಿಟ್ಟು, ತಮ್ಮಂದಿರನ್ನೂ ನಾಯಕತ್ವಕ್ಕೆ ಪರಿಗಣಿಸದೆ ಹೋದಾಗ ಶಿವರಾಂ ಮತ್ತು ವಿಠ್ಠಲ್ ನಾವು ಆಡಲ್ಲ ಅಂತ ಹೊರಗೆ ಬಂದ್ರು. ಬಗ್ಗಿ ಬದುಕಿದ ಮನೆತನ ಅಲ್ಲ ಅದು, ಇದನ್ನ ನೆನಪಿಡಿ. 1923ರಲ್ಲಿ ವಿಠ್ಠಲ್ ನಾಯಕ ಆದ್ರು, ಹಿಂದೂ ತಂಡ ಟೂರ್ನಿ ಗೆದ್ದಿತು.

ಈಗ ಇನ್ನೊಂದು ಮಗ್ಗಲು.

1932ರ ಆಗಸ್ಟಿನಲ್ಲಿ ಬ್ರಿಟಿಷ್ ಸರ್ಕಾರ ನಮಗೆ ಪ್ರತ್ಯೇಕ ಮತಕ್ಷೇತ್ರ ಕೊಡ್ತೀವಿ ಅಂತು. ನಮ್ಮ ಪ್ರತಿನಿಧಿಯನ್ನ ನಾವಷ್ಟೇ ಆರಿಸೋ ಹಕ್ಕು, 71 ಸ್ಥಾನ. ಬಾಬಾಸಾಹೇಬರು ಕೇಳಿದ್ದು ಅದನ್ನೇ. ಬಾಲೂ ಅದನ್ನ ಒಪ್ಪಲಿಲ್ಲ, ಎಂ.ಸಿ. ರಾಜಾ ಕಡೆ ನಿಂತ್ರು, ಜಂಟಿ ಮತಕ್ಷೇತ್ರವೇ ಸರಿ ಅಂದ್ರು. ಗಾಂಧಿ ಯರವಡಾ ಜೈಲಿನಲ್ಲಿ ಉಪವಾಸ ಕೂತ್ರು. ಸೆಪ್ಟೆಂಬರ್ 24ಕ್ಕೆ ಪೂನಾ ಒಪ್ಪಂದ ಆಯ್ತು. ಸ್ಥಾನ 148 ಆದವು, ಆದ್ರೆ ಆರಿಸೋ ಹಕ್ಕು ಕೈಬಿಟ್ಟು ಹೋಯ್ತು. ಆ ಕಾಗದದ ಮೇಲೆ ಬಾಬಾಸಾಹೇಬರ ಸಹಿಯೂ ಐತಿ, ಬಾಲೂ ಸಹಿಯೂ ಐತಿ. ಒಬ್ಬರು ಕೈ ಕಟ್ಟಿಹಾಕಿದ ಕಾರಣಕ್ಕೆ ಹಾಕಿದ್ದು, ಇನ್ನೊಬ್ಬರು ನಂಬಿ ಹಾಕಿದ್ದು.

ಐದು ವರ್ಷಕ್ಕೆ, 1937ರ ಮುಂಬೈ ವಿಧಾನಸಭೆ ಚುನಾವಣೆಯಲ್ಲಿ ಕಾಂಗ್ರೆಸ್ ಬಾಬಾಸಾಹೇಬರ ವಿರುದ್ಧ ಬಾಲೂ ಅವರನ್ನೇ ನಿಲ್ಲಿಸಿತು. ಬಾಬಾಸಾಹೇಬರಿಗೆ 13,245 ಮತ, ಬಾಲೂಗೆ 11,225. ಅಂತರ 2,020. ಬಾಬಾಸಾಹೇಬರು ಗೆದ್ರು ಅಂತ ಇವತ್ತು ನಾವು ನಿರಾಳ ಇದ್ದೀವಿ. ಸಾವಿರ ಜನ ಮನಸ್ಸು ಬದಲಿಸಿದ್ದರೆ ಕಥೆ ಬೇರೆ ಇತ್ತು. ಆ ಸಿಟ್ಟು ಇರೋದು ತಪ್ಪಲ್ಲ. ನನಗೂ ಐತಿ.

ಹಂಗಂತ "ದ್ರೋಹಿ" ಅಂತ ಒಂದೇ ಮಾತಿನಲ್ಲಿ ಮುಗಿಸಿದ್ರೆ ನಮಗೆ ಅರ್ಥ ಆಗಬೇಕಾದ ಮುಖ್ಯ ಸಂಗತಿ ತಪ್ಪಿಹೋಗ್ತದೆ. ಪೂನಾ ಒಪ್ಪಂದ ಹೇಗೆ ಕೆಲಸ ಮಾಡ್ತದೆ ಅಂತ ಒಮ್ಮೆ ನೋಡ್ರಿ. ಮೊದಲ ಸುತ್ತಿನಲ್ಲಿ ನಮ್ಮವರೇ ನಾಲ್ವರನ್ನ ಆರಿಸಬೇಕು ಅಂತ ಇತ್ತು. ಕೊನೆಯ ಮತ ಮಾತ್ರ ಎಲ್ಲ ಜಾತಿಯವರದ್ದು. ಅಂದ್ರೆ ದೊಡ್ಡ ಪಕ್ಷಕ್ಕೆ ನಮ್ಮ ಜನರ ವಿಶ್ವಾಸ ಗಳಿಸೋದು ಬೇಕಿಲ್ಲ, ನಮ್ಮಲ್ಲಿ ಒಬ್ಬ ಹೆಸರಾಂತ ಮನುಷ್ಯ ಸಿಕ್ರೆ ಸಾಕು. ಅವನ ಹಿಂದೆ ಉಳಿದವರ ಮತ ನಿಲ್ಲಿಸಬಹುದು. 1937ರಲ್ಲಿ ನಮ್ಮ ಜನ ಪ್ರೀತಿಯಿಂದ ಹೆಸರು ಹೇಳೋ ಮನುಷ್ಯ ಯಾರು? ಬಾಲೂ. ಚೆಂಡು ಹಾಕೋಕೆ ಒಳಗೆ ಕರೆದು ಚಹಾಕ್ಕೆ ಹೊರಗೆ ಕೂಡ್ರಿಸಿದವರು, ಅರವತ್ತರ ಆ ಮುದುಕನನ್ನ ಮತ್ತೊಮ್ಮೆ ಒಳಗೆ ಕರೆದ್ರು. ಈ ಸಲ ಬಾಲ್ ಹಾಕಬೇಕಾಗಿದ್ದು ಬಾಬಾಸಾಹೇಬರಿಗೆ.

ಕಾನ್ಶಿರಾಂ ಸಾಹೇಬರು ಪೂನಾ ಒಪ್ಪಂದಕ್ಕೆ 50 ವರ್ಷ ತುಂಬಿದ ದಿನ, 1982ರಲ್ಲಿ, ತಮ್ಮ 'ಚಮಚಾ ಯುಗ' ಪುಸ್ತಕ ಹೊರತಂದ್ರು. ಅದನ್ನ ಓದಿದವರು ನಮ್ಮಲ್ಲಿ "ಚಮಚಾ" ಅನ್ನೋ ಬೈಗುಳವನ್ನಷ್ಟೇ ಇಟ್ಟುಕೊಂಡಿದ್ದಾರೆ. ಜಂಟಿ ಮತಕ್ಷೇತ್ರವೇ ಚಮಚಾಗಳನ್ನ ಹುಟ್ಟಿಸ್ತದೆ ಅನ್ನೋ ಅದರ ವಾದವನ್ನ ಬಿಟ್ಟುಬಿಟ್ಟಿದ್ದಾರೆ.

ನಮ್ಮ ನಾಲ್ಕೂ ಊರುಗಳ ಲೆಕ್ಕ ಹಾಕಿ. ಜಮಖಂಡಿ, ಬೀಳಗಿ ಸಾಮಾನ್ಯ ಕ್ಷೇತ್ರ. ರಬಕವಿ-ಬನಹಟ್ಟಿ ಬರೋ ತೇರದಾಳವೂ ಸಾಮಾನ್ಯ. ಮುಧೋಳ ಒಂದೇ ಮೀಸಲು. ಮುಧೋಳದಲ್ಲಿ ಯಾವ ಪಕ್ಷದಿಂದ ಯಾರೇ ನಿಂತರೂ ಅವರು ನಮ್ಮವರೇ. ಗೆಲ್ಲೋಕೆ ಮಾತ್ರ ನಮ್ಮ ಮತ ಸಾಲೋದಿಲ್ಲ. ಕಬ್ಬಿನ ಹೊಲ ಇದ್ದವರ ಅಂಗಳಕ್ಕೆ ಹೋಗಲೇಬೇಕು. ಆ ಅಂಗಳಕ್ಕೆ ಹೋದ ಮನುಷ್ಯ ಕಬ್ಬು ಕಡಿಯೋ ನಮ್ಮ ಗ್ಯಾಂಗಿನವರ ಕೂಲಿ ಬಗ್ಗೆ, ಸ್ಮಶಾನದ ಜಾಗದ ಬಗ್ಗೆ, ಗುಡಿ ಪ್ರವೇಶದ ಬಗ್ಗೆ ಎಷ್ಟು ಗಟ್ಟಿಯಾಗಿ ಮಾತಾಡ್ಯಾನು? ಪಕ್ಷದ ಹೆಸರು ಹೇಳಬೇಕಿಲ್ಲ, ಎಲ್ಲ ಪಕ್ಷಕ್ಕೂ ಇದೇ ಮಾತು. ಅಂದು ಇದ್ದ ಆ ಮೊದಲ ಸುತ್ತಾದರೂ ಈಗ ಇಲ್ಲ. ಹಂಗಾಗಿ 1937 ನನಗೆ ಹಳೇ ಮುಂಬೈಯ ಸುದ್ದಿ ಅಲ್ಲ. ಐದು ವರ್ಷಕ್ಕೊಮ್ಮೆ ನಮ್ಮ ಮನೆ ಮುಂದೆ ಕೈಮುಗಿದು ನಿಲ್ತದೆ. ಬಾಲೂ ಒಬ್ಬರನ್ನ ಬೈದು ಫೋಟೋ ಹರಿದ್ರೆ ಆ ವ್ಯವಸ್ಥೆಗೆ ಕೂದಲೂ ಕೊಂಕೋದಿಲ್ಲ.

ಇನ್ನು ಗುಟ್ಟಿನಲ್ಲಿ ಮಾತ್ರ ಆಡ್ತಿರೋ ಒಂದು ಮಾತು, ಅದನ್ನ ಬಹಿರಂಗವಾಗೇ ಆಡೋಣ. "ಬಾಲೂ ಸಮಗಾರರವ, ಅದಕ್ಕ ಅವರು ಹಾಕ್ರಿ ಅಂತಾರ", "ಅಂಬೇಡ್ಕರ್ ಮಹಾರ್, ಅದಕ್ಕ ಇವರು ಬ್ಯಾಡ ಅಂತಾರ" ಅನ್ನೋ ಮಾತು ನನ್ನ ಕಿವಿಗೂ ಬಿದ್ದೈತಿ. 2024ರ ಆಗಸ್ಟ್ 1ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಒಳಮೀಸಲಾತಿ ಚರ್ಚೆ ಬಿಸಿಯಾಗಿದೆ. ಆ ಪಾಲು ಕೇಳೋದು ನ್ಯಾಯ. ಅದನ್ನ ಅಂಕಿಅಂಶ ಇಟ್ಟು ಕೇಳೋಣ. ಸತ್ತು ಎಷ್ಟೋ ವರ್ಷ ಆದ ಬೌಲರ್‌ನನ್ನ ಒಂದು ಕೇರಿಯ ಬಾವುಟ ಮಾಡೋದು ಬೇಡ, ಬಾಬಾಸಾಹೇಬರನ್ನ ಇನ್ನೊಂದು ಕೇರಿಯ ಆಸ್ತಿ ಮಾಡೋದಂತೂ ಬೇಡವೇ ಬೇಡ. ಬಾಲೂ ಹುಟ್ಟಿದ ಧಾರವಾಡದಲ್ಲೇ ಬಾಬಾಸಾಹೇಬರು ನಮ್ಮ ಮಕ್ಕಳಿಗೆ ಹಾಸ್ಟೆಲ್ ಶುರು ಮಾಡಿದ್ರು. ಒಳಗೆ ಬಿಡುವಾಗ ಯಾವ ಕೇರಿ ಅಂತ ಕೇಳೋ ಹಾಸ್ಟೆಲ್ ಅಲ್ಲ ಅದು.

ಬಾಲೂ ಅವರನ್ನ ನಾವು ಬಿಟ್ಟುಕೊಟ್ರೆ ಎತ್ತಿಕೊಳ್ಳೋಕೆ ಬೇರೆಯವರು ರೆಡಿ ಇದ್ದಾರೆ. ಆಟ ಆಡಿಕೊಂಡು, ಧರ್ಮ ಬಿಡದೆ, ಹೊಂದಿಕೊಂಡು ಹೋದ "ಒಳ್ಳೆ ದಲಿತ" ಅಂತ ಬಾಬಾಸಾಹೇಬರ ಎದುರು ನಿಲ್ಲಿಸ್ತಾರೆ. 2024ರಲ್ಲಿ ಬಾಲೂ ಮೇಲೆ ಹಿಂದಿ ಸಿನಿಮಾದ ಘೋಷಣೆ ಆಗಿದೆ. 'ಲಗಾನ್' ನೋಡಿದವರಿಗೆ ಕಚ್ರಾ ನೆನಪಿರಬೇಕು. ಬಾಲೂ ನೆರಳು ಅದರಲ್ಲಿದೆ ಅಂತ ಹಲವರು ಹೇಳ್ತಾರೆ. ಅಲ್ಲಿ ನಮ್ಮವನ ಸ್ಪಿನ್ ಅವನ ಊನ ಕೈಯಿಂದ ಬರ್ತದೆ, ಅವನನ್ನ ತಂಡಕ್ಕೆ ಸೇರಿಸೋಕೆ ನಾಯಕ ಭಾಷಣ ಮಾಡ್ತಾನೆ, ಅವನ ಬಾಯಲ್ಲಿ ಮಾತೇ ಇಲ್ಲ. ನಿಜವಾದ ಬಾಲೂ ನೆಟ್‌ನಲ್ಲಿ ವರ್ಷಗಟ್ಟಲೆ ಬೆವರು ಸುರಿಸಿ ಕಲಿತವರು. ಅವರ ಮನೆಯವರು ಅನ್ಯಾಯ ಆದಾಗ ಆಟ ಬಿಟ್ಟು ಹೊರಗೆ ನಡೆದವರು. ಬಾಲೂ ಕಥೆಯನ್ನ ನಮ್ಮ ಮಕ್ಕಳು ಸಿನಿಮಾದವರಿಂದ ಕೇಳೋ ಮೊದಲು ನಮ್ಮಿಂದ ಕೇಳಬೇಕು. ಮಣ್ಣಿನ ಕುಡಿಕೆಯನ್ನೂ ಕೇಳಬೇಕು, 2,020 ಮತದ ಅಂತರವನ್ನೂ ಕೇಳಬೇಕು.

ನನ್ನ ಸಲಹೆ ಇಷ್ಟು. ಬಾಬಾಸಾಹೇಬರ ಪಕ್ಕಕ್ಕೆ ಸಮಾನವಾಗಿ ಬೇಡ. ಕಪ್ಪಿನ ಬ್ಯಾನರಿನಲ್ಲಿ ಆಟಗಾರನ ಜಾಗದಲ್ಲಿ ಬಾಲೂ ಫೋಟೋ ಇರಲಿ. ಕೆಳಗೆ ಮೂರು ಸಾಲು: "ಪಾಲ್ವಂಕರ್ ಬಾಲೂ, 1876-1955, ಹುಟ್ಟೂರು ಧಾರವಾಡ. 1911ರ ಇಂಗ್ಲೆಂಡ್ ಪ್ರವಾಸದಲ್ಲಿ 114 ವಿಕೆಟ್, ನಾಯಕತ್ವ ಮಾತ್ರ ಕೊಡಲಿಲ್ಲ. 1937ರಲ್ಲಿ ಬಾಬಾಸಾಹೇಬರ ವಿರುದ್ಧ ನಿಂತು ಸೋತರು." ಇದರಲ್ಲಿ ಯಾವ ಸಾಲನ್ನ ಅಳಿಸಿದರೂ ಅದು ಸುಳ್ಳಾಗ್ತದೆ.

ಮೂರನೇ ಸಾಲು ಓದಿದ ಹತ್ತು ವರ್ಷದ ಹುಡುಗ "ಯಾಕ ನಿಂತ್ರು ಕಾಕಾ?" ಅಂತ ಕೇಳೇ ಕೇಳ್ತಾನ. ಅವನ್ನ ಪಕ್ಕಕ್ಕ ಕೂಡ್ರಿಸಿಕೊಂಡು ಪೂನಾ ಒಪ್ಪಂದ ಅಂದ್ರೆ ಏನು, ಮುಧೋಳ ಮೀಸಲು ಅಂದ್ರೆ ಏನು ಅಂತ ಹೇಳೋಕೆ ನಮ್ಮಲ್ಲಿ ಎಷ್ಟು ಜನ ತಯಾರಿದ್ದೀವಿ? ಫೋಟೋ ಬೇಕು ಅನ್ನೋರು, ಬ್ಯಾಡ ಅನ್ನೋರು, ಇಬ್ಬರೂ ಮೊದಲು ಅದಕ್ಕೆ ತಯಾರಾಗ್ರಿ. ಒಪ್ಪದವರು ಕೆಳಗೆ ಬರೀರಿ, ಉತ್ತರ ಕೊಡ್ತೀನಿ. ಬೈಗುಳ ಬ್ಯಾಡ, ವಾದ ಬರಲಿ.

ಜೈ ಭೀಮ್.